ಸೀಸೆಯ ಬೆನ್ನು ಓದೋಣ ಬನ್ನಿ

ಈ ವಾರ ಒಂದು ಕಪ್ಪು ಸೀಸೆಯ ವಿಚಾರ ಮಾತಾಡೋಣ.

ನಮ್ಮ ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಈಗ ಅಡುಗೆ ಎಣ್ಣೆ, ಉಪ್ಪಿನಕಾಯಿಯ ಸಾಲು ದಾಟಿದರೆ ಒಂದು ಮೂಲೆಯಲ್ಲಿ ಪರದೇಶದ ಸಾಮಾನು ಜೋಡಿಸಿರುತ್ತಾರೆ. ಪಾಸ್ತಾ, ಆಲಿವ್ ಎಣ್ಣೆ, ಅವುಗಳ ಪಕ್ಕದಲ್ಲೇ ಕಾಫಿ ಡಿಕಾಕ್ಷನ್‌ನಷ್ಟು ಕಪ್ಪಗಿರುವ ಏನನ್ನೋ ತುಂಬಿದ ಸೀಸೆಗಳು. ಹೆಸರು ಬಾಲ್ಸಾಮಿಕ್ ವಿನೆಗರ್. ಮೊಬೈಲಿನಲ್ಲಿ ಅಡುಗೆ ನೋಡುವ ಮೊಮ್ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. "ಸಲಾಡ್ ಮೇಲೆ ಎರಡು ಚಮಚ ಹಾಕಿ" ಎಂದು ಅಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಸೀಸೆಯ ಬೆಲೆ ನೋಡಿದ ಹಿರಿಯರು ಮಾತ್ರ ಕನ್ನಡಕ ಸರಿ ಮಾಡಿಕೊಂಡು ಇನ್ನೊಂದು ಸಲ ನೋಡುತ್ತಾರೆ. ಒಂದಕ್ಕೆ ಮುನ್ನೂರು, ಪಕ್ಕದ್ದಕ್ಕೆ ಐನೂರು, ಇನ್ನೊಂದಕ್ಕೆ ಸಾವಿರದ ಮೇಲೆ. ಬಣ್ಣ ಎಲ್ಲದಕ್ಕೂ ಒಂದೇ, ಹೆಸರೂ ಹೆಚ್ಚುಕಮ್ಮಿ ಒಂದೇ. ಹಾಗಾದರೆ ದುಡ್ಡು ಹೋಗುವುದು ಯಾವುದಕ್ಕೆ?

ಒಂದೇ ಮಾತಿನಲ್ಲಿ ಹೇಳುವುದಾದರೆ, ದುಡ್ಡು ಹೋಗುವುದು ದ್ರಾಕ್ಷಿಗೆ ಮತ್ತು ಕಾಲಕ್ಕೆ. ಕೆಲವು ಸಲ ಬರೀ ಚಿನ್ನದ ಬಣ್ಣದ ಚೀಟಿಗೂ ಹೋಗುತ್ತದೆ. ಮೊದಲ ಎರಡಕ್ಕೆ ಕೊಡೋಣ, ಮೂರನೆಯದಕ್ಕೆ ಬೇಡ. ಅದನ್ನು ಗುರುತಿಸುವುದು ಹೇಗೆ ಎಂಬುದೇ ಈ ವಾರದ ಪಾಠ.

ಅಟ್ಟದ ಮೇಲಿನ ಪೀಪಾಯಿಗಳು

ಇಟಲಿಯ ಉತ್ತರ ಭಾಗದಲ್ಲಿ ಮೋದೆನಾ ಎಂಬ ಊರಿದೆ. ಕಾರು ಇಷ್ಟಪಡುವ ಹುಡುಗರೇ ಕೇಳಿ, ಫೆರಾರಿ ಕಾರಿನ ಎಂಜೊ ಫೆರಾರಿ 1898ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಆ ಊರಿನವರಿಗೆ ಕಾರಿನಷ್ಟೇ ಹೆಮ್ಮೆ ತಮ್ಮ ಕಪ್ಪು ವಿನೆಗರ್ ಬಗ್ಗೆಯೂ ಇದೆ.

ಅಲ್ಲಿ ಇದನ್ನು ಮಾಡುವ ಹಳೆಯ ಕ್ರಮವನ್ನು ತಿಳಿಯಲು ನಮ್ಮ ಆಲೆಮನೆಯನ್ನು ನೆನೆಸಿಕೊಂಡರೆ ಸಾಕು. ನಾವು ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುತ್ತೇವಲ್ಲ, ಅವರು ದ್ರಾಕ್ಷಿಯನ್ನು ಹಿಂಡಿ ಆ ರಸವನ್ನು ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಲಾಂಬ್ರುಸ್ಕೊ, ತ್ರೆಬ್ಬಿಯಾನೊ ಎಂಬವು ಅಲ್ಲಿನ ದ್ರಾಕ್ಷಿ ತಳಿಗಳು. ರಸ ಬತ್ತಿ, ಕಂದು ಬಣ್ಣಕ್ಕೆ ತಿರುಗಿ, ಸಿಹಿಯಾಗಿ ಮಂದವಾಗುತ್ತದೆ. ಹೀಗೆ ಹಿಂಡಿದ ದ್ರಾಕ್ಷಿ ರಸಕ್ಕೆ ಇಂಗ್ಲಿಷಿನಲ್ಲಿ 'ಮಸ್ಟ್' ಎನ್ನುತ್ತಾರೆ. ಸಾಸಿವೆಗೆ ಹೇಳುವ 'ಮಸ್ಟರ್ಡ್' ಎಂಬ ಪದ ಹುಟ್ಟಿದ್ದೂ ಇದರಿಂದಲೇ. ಹಿಂದೆ ಸಾಸಿವೆಯನ್ನು ಈ ರಸದಲ್ಲಿ ಅರೆದು ತಿನ್ನುತ್ತಿದ್ದರು. 'ಮಸ್ಟ್' ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತದೆ.

ಕಾದ ರಸ ಆಮೇಲೆ ಹುಳಿಯಾಗಬೇಕು. ಕಣ್ಣಿಗೆ ಕಾಣದ ಯೀಸ್ಟ್ ರಸದ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಗಾಳಿಯ ನೆರವಿನಿಂದ ಆ ಮದ್ಯಸಾರವನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ವಿನೆಗರಿನ ಹುಳಿ ಅಂದರೆ ಇದೇ.

ನಂತರ ಅದು ಪೀಪಾಯಿ ಸೇರುತ್ತದೆ. ವೈನ್ ಪೀಪಾಯಿಗಳನ್ನು ನೆಲಮಾಳಿಗೆಯಲ್ಲಿ ಇಡುತ್ತಾರೆ. ಇದರ ಪೀಪಾಯಿಗಳು ಇರುವುದು ಅಟ್ಟದ ಮೇಲೆ. ಬೇಸಿಗೆಯ ಬಿಸಿಗೆ ಹೆಂಚಿನ ಕೆಳಗೆ ರಸದ ನೀರು ಆವಿಯಾಗಬೇಕು, ಚಳಿಗಾಲದಲ್ಲಿ ಅದು ತಣ್ಣಗೆ ಮಲಗಬೇಕು. ಐದಾರು ಪೀಪಾಯಿಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಇಟ್ಟಿರುತ್ತಾರೆ. ಓಕ್, ಚೆಸ್ಟ್‌ನಟ್, ಚೆರ್ರಿ, ಹಿಪ್ಪುನೇರಳೆ, ಹೀಗೆ ಬೇರೆ ಬೇರೆ ಮರದವು. ವರ್ಷಕ್ಕೊಂದು ಸಲ ಅತಿ ಚಿಕ್ಕ ಪೀಪಾಯಿಯಿಂದ ಸ್ವಲ್ಪ ತೆಗೆಯುತ್ತಾರೆ. ಖಾಲಿಯಾದಷ್ಟನ್ನು ಅದರ ಹಿಂದಿನ ಪೀಪಾಯಿಯಿಂದ ತುಂಬುತ್ತಾರೆ, ಆ ಪೀಪಾಯಿಗೆ ಅದರ ಹಿಂದಿನದರಿಂದ. ಕೊನೆಗೆ ಎಲ್ಲಕ್ಕಿಂತ ದೊಡ್ಡದಕ್ಕೆ ಹೊಸ ರಸ. ಹಾಗಾಗಿ ಯಾವ ಪೀಪಾಯಿಯೂ ಪೂರ್ತಿ ಬರಿದಾಗುವುದೇ ಇಲ್ಲ. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಹೆಪ್ಪಾಗುವ ಹಾಗೆ, ಹಳೆಯದು ಹೊಸದನ್ನು ಪಳಗಿಸುತ್ತಾ ಹೋಗುತ್ತದೆ.

ಹಿಂದೆ ಆ ಸೀಮೆಯ ಮನೆಗಳಲ್ಲಿ ಹೆಣ್ಣು ಮಗು ಹುಟ್ಟಿದಾಗ ಹೊಸ ಪೀಪಾಯಿಗಳ ಸಾಲನ್ನು ಶುರು ಮಾಡಿ, ಮದುವೆಯ ಹೊತ್ತಿಗೆ ಅವಳ ಜೊತೆಗೆ ಕಳಿಸುವ ರೂಢಿ ಇತ್ತಂತೆ. ನಮ್ಮ ಕಡೆ ಮಗಳ ಹೆಸರಿನಲ್ಲಿ ತೆಂಗಿನ ಸಸಿ ನೆಡುತ್ತಿದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಅರವತ್ತು ದಿನ, ಹನ್ನೆರಡು ವರ್ಷ

ಈ ಹಳೆಯ ಕ್ರಮದಲ್ಲಿ ಮಾಡಿದ್ದಕ್ಕೆ ಇಟಲಿಯಲ್ಲಿ 'ಅಚೆಟೊ ಬಾಲ್ಸಾಮಿಕೊ ತ್ರಾದಿತ್ಸಿಯೊನಾಲೆ' ಎಂದು ಹೆಸರು. ಅಂದರೆ ಸಾಂಪ್ರದಾಯಿಕ ಬಾಲ್ಸಾಮಿಕ್ ವಿನೆಗರ್. 'ಬಾಲ್ಸಾಮಿಕ್' ಎಂಬ ಮಾತು ಮದ್ದಿನ ಲೇಪ, ಮುಲಾಮು ಎಂಬ ಅರ್ಥದ ಪದದಿಂದ ಬಂದದ್ದು. ಹಿಂದೆ ಇದನ್ನು ಔಷಧಿಯಂತೆಯೂ ಬಳಸುತ್ತಿದ್ದರು.

ಸಾಂಪ್ರದಾಯಿಕದ ನಿಯಮ ಬಹಳ ಬಿಗಿ. ಕಾಯಿಸಿದ ದ್ರಾಕ್ಷಿ ರಸ ಬಿಟ್ಟು ಬೇರೇನೂ ಬೆರೆಸುವಂತಿಲ್ಲ. ಪೀಪಾಯಿಯಲ್ಲಿ ಕನಿಷ್ಠ 12 ವರ್ಷ ಇರಬೇಕು. 25 ವರ್ಷ ದಾಟಿದ್ದಕ್ಕೆ 'ಎಕ್ಸ್‌ತ್ರಾವೆಕ್ಕಿಯೊ', ಅಂದರೆ ಬಹಳ ಹಳೆಯದು ಎಂಬ ಬಿರುದು. ರುಚಿ ನೋಡುವ ತಜ್ಞರು ಒಪ್ಪಿದ ಮೇಲೆಯೇ ಅದು ಸೀಸೆಗೆ ಹೋಗುವುದು. ಮೋದೆನಾದ ಸಾಂಪ್ರದಾಯಿಕ ವಿನೆಗರ್ ಬರುವುದು 100 ಮಿಲಿಲೀಟರಿನ ಒಂದೇ ಆಕಾರದ ಪುಟ್ಟ ಗುಂಡು ಸೀಸೆಯಲ್ಲಿ. ಅದನ್ನು ರೂಪಿಸಿದವರು ಜೋರ್ಜೆತ್ತೊ ಜುಜಾರೊ ಎಂಬ ಹೆಸರಾಂತ ಕಾರು ವಿನ್ಯಾಸಕಾರ. ತಾತಂದಿರಿಗೆ ನಮ್ಮ ರಸ್ತೆಗಳಲ್ಲಿ ಓಡಾಡುತ್ತಿದ್ದ ಮಟೀಜ್ ಕಾರು ನೆನಪಿದೆಯೇ? ಅದರ ವಿನ್ಯಾಸವೂ ಅವರ ಸಂಸ್ಥೆಯದೇ.

ಇಂಥ ಒಂದು ಪುಟ್ಟ ಸೀಸೆಗೆ ಹಲವು ಸಾವಿರ ರೂಪಾಯಿ ಆಗುತ್ತದೆ. ನಮ್ಮಂಥವರ ಮನೆಗೆ ಅದು ಬೇಕಾಗಿಲ್ಲ. ಬೇಕಾಗಿಲ್ಲ ಎಂದು ತಿಳಿದಿರುವುದೇ ಮೊದಲ ಉಳಿತಾಯ.

ನಮ್ಮ ಅಂಗಡಿಗಳಲ್ಲಿ ಸಿಗುವುದು ಅದರ ತಮ್ಮ. ಹೆಸರು 'ಅಚೆಟೊ ಬಾಲ್ಸಾಮಿಕೊ ದಿ ಮೋದೆನಾ', ಅಂದರೆ ಮೋದೆನಾದ ಬಾಲ್ಸಾಮಿಕ್ ವಿನೆಗರ್. 'ಸಾಂಪ್ರದಾಯಿಕ' ಎಂಬ ಮಾತು ಇದರಲ್ಲಿಲ್ಲ, ಗಮನಿಸಿ. ಇದರಲ್ಲಿ ದ್ರಾಕ್ಷಿ ರಸದ ಜೊತೆಗೆ ಸಾಮಾನ್ಯ ವೈನ್ ವಿನೆಗರ್ ಬೆರೆಸುತ್ತಾರೆ. ನಿಯಮದ ಪ್ರಕಾರ ದ್ರಾಕ್ಷಿ ರಸ ಶೇ 20ಕ್ಕಿಂತ ಕಡಿಮೆ ಇರುವಂತಿಲ್ಲ, ವೈನ್ ವಿನೆಗರ್ ಶೇ 10ಕ್ಕಿಂತ ಕಡಿಮೆ ಇರುವಂತಿಲ್ಲ. ಬಣ್ಣಕ್ಕಾಗಿ ಶೇ 2ರವರೆಗೆ ಕ್ಯಾರಮೆಲ್ ಹಾಕಬಹುದು. ಮರದ ಪೀಪಾಯಿಯಲ್ಲಿ ಕನಿಷ್ಠ 60 ದಿನ ಇದ್ದರೆ ಸಾಕು. 3 ವರ್ಷ ದಾಟಿದ್ದರೆ 'ಇನ್‌ವೆಕ್ಕಿಯಾತೊ', ಅಂದರೆ ಹಳೆಯದಾಗಿಸಿದ್ದು ಎಂದು ಬರೆಯಬಹುದು.

ಮಕ್ಕಳೇ, ಒಂದು ಲೆಕ್ಕ ಮಾಡಿ. 12 ವರ್ಷ ಅಂದರೆ ಅಧಿಕ ದಿನಗಳನ್ನು ಬಿಟ್ಟು 4,380 ದಿನ. ಅದನ್ನು 60ರಿಂದ ಭಾಗಿಸಿದರೆ 73. ಅಣ್ಣ ಅಟ್ಟದ ಮೇಲೆ ಕಳೆಯುವ ಕಾಲ ತಮ್ಮನದಕ್ಕಿಂತ 73 ಪಟ್ಟು ಹೆಚ್ಚು! ಬೆಲೆಯ ಗುಟ್ಟು ಇಷ್ಟೇ. ಕಡಿಮೆ ದುಡ್ಡಿಗೆ ಹನ್ನೆರಡು ವರ್ಷದ ಕಾಲ ಸಿಗುವುದಿಲ್ಲ. ಆದರೆ ಒಳ್ಳೆಯ ದ್ರಾಕ್ಷಿ ರಸ ಖಂಡಿತ ಸಿಗುತ್ತದೆ. ಶೇ 20ರಿಂದ ಶೇ 90ರವರೆಗೆ ರಸ ಎಷ್ಟು ಬೇಕಾದರೂ ಇರಬಹುದಲ್ಲ, ಹಾಗಾಗಿ ಒಂದೇ ಹೆಸರಿನ ಎರಡು ಸೀಸೆಗಳಲ್ಲಿ ಅಜಗಜಾಂತರ ಇರುತ್ತದೆ. ನಾವು ಹುಡುಕಬೇಕಾದದ್ದು ರಸ ಹೆಚ್ಚಿರುವ ತಮ್ಮನನ್ನು.

ಹುಂಡಿಯ ಐನೂರು ರೂಪಾಯಿ

ಹೋದ ತಿಂಗಳು ನನ್ನ ಮೊಮ್ಮಗಳ ಶಾಲೆಯಲ್ಲಿ ಬೆಂಕಿಯಿಲ್ಲದ ಅಡುಗೆ ಸ್ಪರ್ಧೆ ಇತ್ತು. ಅವಳು ಏಳನೇ ತರಗತಿ. ಸೌತೆಕಾಯಿ, ಟೊಮೇಟೊ, ಪನೀರಿನ ಸಲಾಡ್ ಮಾಡಬೇಕು, ಅದರ ಮೇಲೆ ಬಾಲ್ಸಾಮಿಕ್ ಬೇಕೇ ಬೇಕು ಎಂದು ಹಟ. ಅವರಮ್ಮ, ಅಂದರೆ ನನ್ನ ಸೊಸೆ, "ನಿನ್ನ ದುಡ್ಡಲ್ಲಿ ತಗೋ, ಆಗ ಬೆಲೆ ಗೊತ್ತಾಗುತ್ತೆ" ಅಂದಳು. ಹುಡುಗಿ ಹುಂಡಿ ತೆಗೆದಳು. ಎಣಿಸಿದರೆ ಸರಿಯಾಗಿ ಐನೂರು ರೂಪಾಯಿ. ತಿನ್ನದೆ ಉಳಿಸಿದ ಐಸ್‌ಕ್ರೀಮುಗಳ ದುಡ್ಡು ಅದು. ಪೋಲಾಗಬಾರದು ಎಂದು ನಾನೂ ಜೊತೆಗೆ ಹೊರಟೆ.

ಅಂಗಡಿಯಲ್ಲಿ ನಾಲ್ಕು ಬಗೆ ಸಿಕ್ಕವು. ಅವಳ ಕೈ ಮೊದಲು ಹೋದದ್ದು ಚಿನ್ನದ ಚೀಟಿಯ ಸೀಸೆಗೆ. ಮುಂದೆ ದೊಡ್ಡದಾಗಿ '25' ಎಂದು ಅಂಕೆ.

"ಅಜ್ಜಿ, ಇದು ಇಪ್ಪತ್ತೈದು ವರ್ಷದ್ದು! ಬರೀ ನಾನೂರ ಎಂಬತ್ತು!"

"ಇಪ್ಪತ್ತೈದು ಅಂತ ಇದೆ ಪುಟ್ಟಿ, ವರ್ಷ ಅಂತ ಎಲ್ಲಿದೆ ಓದು."

ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲೂ ಇರಲಿಲ್ಲ. ತಮ್ಮನ ಸೀಸೆಯ ಮೇಲೆ ಇಷ್ಟು ವರ್ಷದ್ದು ಎಂದು ಹಾಕಿಕೊಳ್ಳಲು ನಿಯಮವೇ ಬಿಡುವುದಿಲ್ಲ. ಬರೀ ಅಂಕೆ ಇದ್ದರೆ ಅದನ್ನು ವಯಸ್ಸು ಎಂದು ತಿಳಿಯಬೇಡಿ.

"ಈಗ ಬೆನ್ನು ಓದು. ಪದಾರ್ಥದ ಸಾಲು ಎಲ್ಲಿದೆ ನೋಡು. ನನ್ನ ಕಣ್ಣಿಗೆ ಅದು ಇರುವೆ ಸಾಲಿನ ಹಾಗೆ ಕಾಣುತ್ತೆ."

ಆಮದು ಮಾಡಿದವರು ಅಂಟಿಸಿದ ಬಿಳಿ ಚೀಟಿಯಲ್ಲಿ ಅದು ಸಿಕ್ಕಿತು. "ವೈನ್ ವಿನೆಗರ್, ಗ್ರೇಪ್ ಮಸ್ಟ್, ಕ್ಯಾರಮೆಲ್ ಬಣ್ಣ" ಎಂದು ಓದಿದಳು.

ಪದಾರ್ಥಗಳನ್ನು ಪ್ರಮಾಣದ ಲೆಕ್ಕದಲ್ಲೇ ಬರೆಯಬೇಕು ಎಂಬುದು ಕಾನೂನು. ಎಲ್ಲಕ್ಕಿಂತ ಹೆಚ್ಚು ಇರುವುದು ಮೊದಲು, ಎಲ್ಲಕ್ಕಿಂತ ಕಡಿಮೆ ಇರುವುದು ಕೊನೆಗೆ. ಹಾಗಾದರೆ ಈ ಸೀಸೆಯಲ್ಲಿ ಹೆಚ್ಚಿಗೆ ಇರುವುದು ಸಾಮಾನ್ಯ ವಿನೆಗರ್. ಚಿನ್ನದ ಬಣ್ಣಕ್ಕೂ ಒಳಗಿನ ಸರಕಿಗೂ ಸಂಬಂಧವಿರಲಿಲ್ಲ.

ಎರಡನೆಯದು 500 ಮಿಲಿಲೀಟರಿನ ದೊಡ್ಡ ಸೀಸೆ, ಬೆಲೆ 460. "ಇದೇ ಲಾಭ ಅಜ್ಜಿ, ನೂರು ಮಿಲಿಗೆ ತೊಂಬತ್ತೆರಡೇ ಆಯ್ತು" ಎಂದು ಭಾಗಾಕಾರ ಮಾಡಿ ಹೇಳಿದಳು. ಬೆನ್ನು ಓದಿದರೆ ವಿನೆಗರ್, ನೀರು, ಸಕ್ಕರೆ, ಬಣ್ಣ, ರುಚಿಕಾರಕ. ದ್ರಾಕ್ಷಿ ರಸದ ಸುಳಿವೇ ಇಲ್ಲ. ಮೊದಲು ಪದಾರ್ಥ, ಆಮೇಲೆ ಭಾಗಾಕಾರ. ಒಂದೇ ಜಾತಿಯ ಎರಡು ವಸ್ತುಗಳ ನಡುವೆ ಮಾತ್ರ ಬೆಲೆಯನ್ನು ಹೋಲಿಸಬೇಕು.

ಮೂರನೆಯದು ಒತ್ತಿದರೆ ಸುರಿಯುವ ಪ್ಲಾಸ್ಟಿಕ್ ಬಾಟಲಿ. ಅದರ ಹೆಸರು 'ಗ್ಲೇಜ್'. ಕಣ್ಣಿಗೆ ಜೇನಿನಷ್ಟು ಮಂದ. ಆದರೆ ಆ ಮಂದ ಅಟ್ಟದ ಮೇಲೆ ವರ್ಷಗಟ್ಟಲೆ ಕೂತು ಬಂದದ್ದಲ್ಲ. ಗ್ಲೂಕೋಸ್ ಪಾಕ, ಪಿಷ್ಟ ಎಂದು ಸಾಲಿನಲ್ಲೇ ಬರೆದಿತ್ತು.

ನಾಲ್ಕನೆಯದು ಮಾಸಿದ ಕಂದು ಚೀಟಿಯ ಸೀಸೆ, 250 ಮಿಲಿಲೀಟರ್, ಬೆಲೆ 395. ಪದಾರ್ಥ ಎರಡೇ: ಗ್ರೇಪ್ ಮಸ್ಟ್, ವೈನ್ ವಿನೆಗರ್. ರಸ ಮೊದಲು! ಪಕ್ಕದಲ್ಲಿ ನೀಲಿ-ಹಳದಿಯ ದುಂಡು ಮುದ್ರೆ. ಪೋಷಕಾಂಶದ ಪಟ್ಟಿಯಲ್ಲಿ 100 ಮಿಲಿಲೀಟರಿಗೆ ಸಕ್ಕರೆ 38 ಗ್ರಾಂ. ಚಿನ್ನದ ಚೀಟಿಯದರಲ್ಲಿ ಅದು 17.

"ಇದೇ ಇರಲಿ" ಎಂದು ಅವಳೇ ಅಂದಳು. ಉಳಿದ ನೂರೈದು ರೂಪಾಯಿಗೆ ಸೌತೆಕಾಯಿ, ಟೊಮೇಟೊ ಬಂದವು. ಪನೀರ್ ನನ್ನ ಲೆಕ್ಕದಲ್ಲಿ ಬಂತು. ಮನೆಗೆ ಬರುವ ದಾರಿಯಲ್ಲಿ ಇನ್ನೊಂದು ಲೆಕ್ಕ ಹಾಕಿದಳು. 250 ಮಿಲಿಲೀಟರ್ ಅಂದರೆ 5 ಮಿಲಿಲೀಟರಿನ ಐವತ್ತು ಚಹಾ ಚಮಚ. ಹಾಗಾದರೆ ಚಮಚಕ್ಕೆ ಹೆಚ್ಚುಕಮ್ಮಿ ಎಂಟು ರೂಪಾಯಿ. ಸ್ಪರ್ಧೆಯ ದಿನ ಅವಳು ಸುರಿಯಲಿಲ್ಲ, ಚಮಚದಲ್ಲಿ ಅಳೆದು ಹಾಕಿದಳು. ಬಹುಮಾನ ಚುರುಮುರಿ ಮಾಡಿದ ಹುಡುಗನಿಗೆ ಹೋಯಿತು. ನಾನೂ ತಿಂದು ನೋಡಿದೆ, ತೀರ್ಪು ಸರಿಯಾಗಿಯೇ ಇತ್ತು.

ಅಂಗಡಿಗೆ ಹೋಗುವಾಗ ನೆನಪಿರಲಿ

ಈಗ ಎಲ್ಲವನ್ನೂ ಸಾಲಾಗಿ ಹೇಳುತ್ತೇನೆ. ಬೇಕಾದರೆ ಕತ್ತರಿಸಿ ಇಟ್ಟುಕೊಳ್ಳಿ.

ಒಂದು, ಮುದ್ರೆ. ನಮ್ಮ ಮೈಸೂರು ರೇಷ್ಮೆಗೆ, ಬ್ಯಾಡಗಿ ಮೆಣಸಿನಕಾಯಿಗೆ, ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ಇರುವ ಹಾಗೆ ಯುರೋಪಿನಲ್ಲೂ ಇದೆ. ತಮ್ಮನಿಗೆ 2009ರಲ್ಲಿ ಸಿಕ್ಕ ಗುರುತು ನೀಲಿ-ಹಳದಿ ಮುದ್ರೆ, ಅದರಲ್ಲಿ ಇಂಗ್ಲಿಷಿನಲ್ಲಾದರೆ ಪಿಜಿಐ, ಇಟಾಲಿಯನ್ನಿನಲ್ಲಾದರೆ ಐಜಿಪಿ ಎಂದಿರುತ್ತದೆ. ಅಣ್ಣನದು ಕೆಂಪು-ಹಳದಿ ಮುದ್ರೆ, ಅದರಲ್ಲಿ ಡಿಒಪಿ ಅಥವಾ ಪಿಡಿಒ ಎಂದಿರುತ್ತದೆ. 'ಬಾಲ್ಸಾಮಿಕ್' ಎಂಬ ಒಂದು ಪದ ಮಾತ್ರ ಯಾರ ಸ್ವತ್ತೂ ಅಲ್ಲ. ಆ ಪದವನ್ನು ಬೇರೆಯವರೂ ಬಳಸಬಹುದು ಎಂದು ಯುರೋಪಿನ ನ್ಯಾಯಾಲಯವೇ 2019ರಲ್ಲಿ ಹೇಳಿದೆ. ಆದ್ದರಿಂದ ಪದ ನಂಬಬೇಡಿ, ಪೂರ್ತಿ ಹೆಸರು ಮತ್ತು ಮುದ್ರೆ ನೋಡಿ.

ಎರಡು, ಪದಾರ್ಥದ ಸಾಲು. ಗ್ರೇಪ್ ಮಸ್ಟ್ ಮೊದಲು ಇದ್ದರೆ ಒಳ್ಳೆಯದು. ವಿನೆಗರ್ ಮೊದಲಿದ್ದರೆ ಅದು ಕೆಟ್ಟದ್ದೇನಲ್ಲ, ತೆಳ್ಳಗೆ, ಹೆಚ್ಚು ಹುಳಿಯಾಗಿ ಇರುತ್ತದೆ. ಬೆಲೆಯೂ ಹಾಗೇ ಕಡಿಮೆ ಇರಬೇಕು. ಸಾಲು ಚಿಕ್ಕದಾದಷ್ಟೂ ವಾಸಿ.

ಮೂರು, ಸಕ್ಕರೆಯ ಅಂಕೆ. ಪದಾರ್ಥದಲ್ಲಿ ಬೇರೆ ಸಕ್ಕರೆ ಹಾಕಿಲ್ಲ ಎಂದಾದರೆ, ಪೋಷಕಾಂಶದ ಪಟ್ಟಿಯಲ್ಲಿ ಕಾಣುವ ಸಕ್ಕರೆಯೆಲ್ಲ ದ್ರಾಕ್ಷಿಯದೇ. ನಿಯಮದ ಪ್ರಕಾರ ಲೀಟರಿಗೆ 110 ಗ್ರಾಂ, ಅಂದರೆ 100 ಮಿಲಿಲೀಟರಿಗೆ 11 ಗ್ರಾಂ ಕನಿಷ್ಠ. ಅದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ರಸ ಹೆಚ್ಚು. ಎರಡು ಸೀಸೆಗಳ ನಡುವೆ ಮನಸ್ಸು ತೂಗಾಡಿದಾಗ ಈ ಅಂಕೆಯೇ ಪಂಚಾಯಿತಿ ಮಾಡಲಿ.

ನಾಲ್ಕು, ಭಾಗಾಕಾರ. 100 ಮಿಲಿಲೀಟರಿಗೆ ಎಷ್ಟಾಯಿತು ಎಂದು ಕೊನೆಗೆ ನೋಡಿ. ದೊಡ್ಡ ಸೀಸೆ ಅಗ್ಗ ಬೀಳಬಹುದು. ವಿನೆಗರ್ ಬೇಗ ಕೆಡುವುದಿಲ್ಲ, ನಿಜ. ಆದರೂ ಮೊದಲ ಸಲ ಚಿಕ್ಕದನ್ನೇ ತನ್ನಿ. ಮನೆಯವರಿಗೆ ರುಚಿ ಹಿಡಿಸದೆ ಹೋದರೆ ದೊಡ್ಡ ಸೀಸೆ ದೊಡ್ಡ ನಷ್ಟ.

ಮನೆಗೆ ಬಂದ ಮೇಲೆ

ಬಿಳಿ ತಟ್ಟೆಯ ಮೇಲೆ ಒಂದು ಹನಿ ಹಾಕಿ ಓರೆ ಮಾಡಿ. ನೀರಿನಂತೆ ಓಡಿಹೋದರೆ ರಸ ಕಡಿಮೆ. ನಿಧಾನವಾಗಿ ಜಾರಿ, ಹಿಂದೆ ಕಂದು ಗೆರೆ ಬಿಟ್ಟರೆ ರಸ ಚೆನ್ನಾಗಿದೆ. ಮೂಸಿದಾಗ ಹುಳಿ ಮೂಗಿಗೆ ಚುಚ್ಚಬಾರದು, ಒಣದ್ರಾಕ್ಷಿಯ ವಾಸನೆಯೂ ಜೊತೆಗೆ ಬರಬೇಕು. ನಾಲಿಗೆಗೆ ಮೊದಲು ಸಿಹಿ, ಹಿಂದೆಯೇ ಹುಳಿ. ಪುಳಿಯೋಗರೆ ಗೊಜ್ಜು ತಿಂದು ಬೆಳೆದ ನಮಗೆ ಈ ಜೋಡಿ ಹೊಸದೇನಲ್ಲ.

ತಂದದ್ದು ತೆಳ್ಳಗಿದ್ದರೆ ಬೇಸರ ಬೇಡ. ಸ್ಟೀಲ್ ಪಾತ್ರೆಯಲ್ಲಿ ಒಂದು ಬಟ್ಟಲು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ಅಲ್ಯುಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಕಿಟಕಿ ತೆರೆದಿರಲಿ, ಹಬೆ ಕಣ್ಣು ಮೂಗು ಉರಿಸುತ್ತದೆ. ಆದ್ದರಿಂದ ಇದು ದೊಡ್ಡವರ ಕೆಲಸ, ಮಕ್ಕಳು ದೂರದಿಂದ ನೋಡಿ. ಅರ್ಧಕ್ಕೆ ಬತ್ತಿ ಚಮಚದ ಬೆನ್ನಿಗೆ ಅಂಟುವ ಹಾಗಾದಾಗ ಇಳಿಸಿ. ಆರಿದ ಮೇಲೆ ಇನ್ನೂ ಮಂದವಾಗುತ್ತದೆ, ಬೆಲ್ಲದ ಪಾಕದ ಹಾಗೆ. ಅಂಗಡಿಯ ಗ್ಲೇಜ್‌ಗೆ ಬೇರೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಯಾವುದಕ್ಕೆ ಹಾಕಬೇಕು? ಟೊಮೇಟೊ, ಸೌತೆಕಾಯಿ, ಸುಟ್ಟ ಕುಂಬಳಕಾಯಿ, ಎಣ್ಣೆಯಲ್ಲಿ ನಿಧಾನವಾಗಿ ಬಾಡಿಸಿದ ಈರುಳ್ಳಿ ಇದಕ್ಕೆ ಹೊಂದುತ್ತವೆ. ಮೋದೆನಾದವರು ಸ್ಟ್ರಾಬೆರಿ ಮೇಲೆ, ಐಸ್‌ಕ್ರೀಮ್ ಮೇಲೆ ಕೂಡ ಒಂದೆರಡು ಹನಿ ಹಾಕುತ್ತಾರೆ. ಆದರೆ ಹೆಸರುಬೇಳೆ ಕೋಸಂಬರಿಗೆ ನಿಂಬೆಹಣ್ಣೇ ಸರಿ. ಪ್ರಯೋಗ ಮಾಡುತ್ತೇನೆ ಎಂದು ಮೊಮ್ಮಗಳು ಹೊರಟಾಗ ನಾನು ಬಟ್ಟಲನ್ನೇ ಎತ್ತಿಟ್ಟೆ.

ಹಿರಿಯರಿಗೆ ಎರಡು ಮಾತು. ಇದರಲ್ಲಿ ದ್ರಾಕ್ಷಿಯ ಸಕ್ಕರೆ ಇರುವುದರಿಂದ ಸಕ್ಕರೆ ಕಾಯಿಲೆ ಇರುವವರು ಚಮಚದ ಲೆಕ್ಕ ಇಡಿ. ಹಿಂದೆ ಮದ್ದು ಎನ್ನುತ್ತಿದ್ದರು ಎಂದು ಹಾಗೇ ಕುಡಿಯಬೇಡಿ, ಹುಳಿ ಹಲ್ಲಿಗೆ ಒಳ್ಳೆಯದಲ್ಲ. ಇನ್ನು, "ವೈನ್ ಅಂತ ಬರೆದಿದೆಯಲ್ಲ, ನಮ್ಮ ಮನೆಗೆ ಆಗುತ್ತದೆಯೇ?" ಎಂದು ಕೇಳುವವರಿದ್ದೀರಿ. ವೈನ್ ಹುಳಿಯಾಗುವಾಗ ಅದರ ಮದ್ಯಸಾರದ ಬಹುಪಾಲು ಆಮ್ಲವಾಗಿಬಿಡುತ್ತದೆ. ಆದರೂ ಶೇ 1.5ರವರೆಗೆ ಉಳಿಯಲು ನಿಯಮದಲ್ಲಿ ಅವಕಾಶವಿದೆ. ಇದು ತಿಳಿದ ಮೇಲೆ ತರುವುದು, ಬಿಡುವುದು ನಿಮ್ಮ ಮನೆಯ ನಡವಳಿಕೆಗೆ ಬಿಟ್ಟದ್ದು. ಬೇಡ ಎನ್ನುವವರು ಹುಣಸೆರಸಕ್ಕೆ ಜೋನಿಬೆಲ್ಲ ಹಾಕಿ ಮಂದವಾಗುವಂತೆ ಕುದಿಸಿ ಇಟ್ಟುಕೊಳ್ಳಿ. ಅದು ಬಾಲ್ಸಾಮಿಕ್ ಆಗುವುದಿಲ್ಲ, ಆದರೆ ಸೌತೆಕಾಯಿಯ ಮೇಲೆ ಅದರ ರುಚಿಗೇನೂ ಕಡಿಮೆಯಿಲ್ಲ.

ಕೊಡಗಿನವರು ಇಷ್ಟು ಹೊತ್ತಿಗೆ ನಗುತ್ತಿರಬೇಕು. ಅವರ ಮನೆಗಳಲ್ಲಿ ಕಾಚಂಪುಳಿ ಇದೆಯಲ್ಲ! ಮಳೆಗಾಲದಲ್ಲಿ ಮಾಗುವ ಪಣಪುಳಿ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕಾಯಿಸಿ ಸೀಸೆಗೆ ತುಂಬುತ್ತಾರೆ. ಉತ್ತರ ಕನ್ನಡದವರು ಉಪ್ಪಾಗೆ ಎನ್ನುವುದೂ ಅದೇ ಜಾತಿಯ ಮರದ ಹಣ್ಣಿಗೆ. ಕಾಚಂಪುಳಿಯಲ್ಲಿ ದ್ರಾಕ್ಷಿಯ ಸಿಹಿ ಇಲ್ಲ, ಹುಳಿ ಬಹಳ ತೀಕ್ಷ್ಣ, ಹನಿ ಲೆಕ್ಕದಲ್ಲಿ ಹಾಕಬೇಕು. ಆದ್ದರಿಂದ ಒಂದರ ಬದಲಿಗೆ ಇನ್ನೊಂದನ್ನು ಸುರಿಯಬೇಡಿ. ಆದರೆ ಹಣ್ಣಿನ ರಸ, ಉರಿ, ತಾಳ್ಮೆ, ಈ ಮೂರು ಸೇರಿದರೆ ಕಪ್ಪು ಹುಳಿಯಾಗುತ್ತದೆ ಎಂಬುದು ಮೋದೆನಾದವರಿಗೂ ಮಡಿಕೇರಿಯವರಿಗೂ ಗೊತ್ತಿತ್ತು.

ಈ ವಾರದ ಕೆಲಸ

ಮಕ್ಕಳೇ, ಬಾಲ್ಸಾಮಿಕ್ ಕೊಳ್ಳದಿದ್ದರೂ ಪರವಾಗಿಲ್ಲ. ಈ ಭಾನುವಾರ ನಿಮ್ಮ ಮನೆಯಲ್ಲೇ ಇರುವ ಮೂರು ಡಬ್ಬಿ-ಸೀಸೆಗಳನ್ನು ಎತ್ತಿಕೊಂಡು ಅಜ್ಜಿ ಅಥವಾ ತಾತನ ಪಕ್ಕ ಕೂತುಕೊಳ್ಳಿ. ಜಾಮ್, ಟೊಮೇಟೊ ಸಾಸ್, ಹಣ್ಣಿನ ರಸದ ಪೊಟ್ಟಣ, ಯಾವುದಾದರೂ ಸರಿ. ಪ್ರತಿಯೊಂದರ ಪದಾರ್ಥದ ಸಾಲಿನಿಂದ ಮೊದಲ ಮೂರು ಹೆಸರುಗಳನ್ನು ಗಟ್ಟಿಯಾಗಿ ಓದಿ ಹೇಳಿ. ಮುಂದೆ ಹಣ್ಣಿನ ಚಿತ್ರ ಇರುವ ಪೊಟ್ಟಣದಲ್ಲಿ ಹಣ್ಣು ಎಷ್ಟನೇ ಜಾಗದಲ್ಲಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಆ ಸಣ್ಣ ಅಕ್ಷರ ಓದುವ ಕಣ್ಣು ನಿಮ್ಮ ಹತ್ತಿರ ಇದೆ. ಓದಿದ್ದಕ್ಕೆ ಎಷ್ಟು ದುಡ್ಡು ಕೊಡಬಹುದು ಎಂಬ ಅಂದಾಜು ಅವರ ಹತ್ತಿರ ಇದೆ. ಅಂಗಡಿಗೆ ಇಬ್ಬರೂ ಒಟ್ಟಿಗೆ ಹೋಗಿ.

ಮುಂದಿನ ವಾರ ಮತ್ತೆ ಸಿಗೋಣ.